ಬಾತುಕೋಳಿಯವಳು

ಜೂನ್ 3, ಸೋಮವಾರ

ಪ್ರಬಂಧ ವಾಪಸು ಬಂದಿದೆ. ಕೊನೆಯ ಪುಟದ ಕೆಳಗೆ ಮೇಡಂ ಕೆಂಪು ಶಾಯಿಯಲ್ಲಿ ಬರೆದಿರುವುದು ಇಷ್ಟೇ: "ಇದರಲ್ಲಿ ಎಲ್ಲರೂ ಮಾತಾಡಿದ್ದಾರೆ. ನೀನು ಯಾವಾಗ ಮಾತಾಡುತ್ತೀ?"

ಸಂಶೋಧನೆಗೆ ಸೇರಲು ಅರ್ಜಿ ಹಾಕಿದ್ದೇನೆ. ಇರುವುದು ಒಂದೇ ಸೀಟು. ಪ್ರಬಂಧವನ್ನು ತಿದ್ದಿ ಈ ತಿಂಗಳ 20ರೊಳಗೆ ಕೊಡಬೇಕು, 27ಕ್ಕೆ ಮೂವರು ಪರೀಕ್ಷಕರ ಮುಂದೆ ನಿಂತು ಅದರ ಬಗ್ಗೆ ಮಾತಾಡಬೇಕು. ತಿದ್ದುವುದು ಹೇಗೋ ಆದೀತು. ನಿಂತು ಮಾತಾಡುವುದನ್ನು ನೆನೆದರೆ ಈಗಲೇ ನಾಲಿಗೆ ಒಣಗುತ್ತದೆ.

ವಿಷಯ, ನಾನೂರು ವರ್ಷ ಹಳೆಯ ಒಂದು ದುರಂತ ನಾಟಕ. ಸೇನಾಪತಿಯೊಬ್ಬ ಕೈಕೆಳಗಿನವನ ಚಾಡಿ ನಂಬಿ, ಏನೂ ತಪ್ಪು ಮಾಡದ ಹೆಂಡತಿಯನ್ನು ಅನುಮಾನಿಸಿ ಕೊಲ್ಲುತ್ತಾನೆ. ಸಾಕ್ಷಿ ಎಂದು ಇರುವುದು ಒಂದು ಕರವಸ್ತ್ರ. ಅವನ ಮತ್ಸರ ಎಲ್ಲಿಂದ ಬಂತು ಎಂದು ವಿಮರ್ಶಕರು ಹೊಡೆದಾಡಿಕೊಂಡಿದ್ದಾರೆ. ಗಡ್ಡದವರು (ಪುಸ್ತಕದ ಹಿಂದಿನ ಫೋಟೋ ನೋಡಿ ನಾನಿಟ್ಟ ಹೆಸರು) ಹೇಳುವುದು: ಆತ ಸ್ವಭಾವದಿಂದ ಮತ್ಸರದವನಲ್ಲ, ಅತಿಯಾಗಿ ನಂಬುವವನು, ನಂಬಿಸಿದವನು ಮಹಾ ಚತುರ. ಕನ್ನಡಕದವರ ಪ್ರಕಾರ ಅದು ಶುದ್ಧ ಸುಳ್ಳು. ಮತ್ಸರ ಅವನೊಳಗೇ ಕೂತಿತ್ತು, ಕೈಕೆಳಗಿನವನು ಬಾಗಿಲು ತಟ್ಟಿದ, ಅಷ್ಟೇ. ಫೋಟೋ ಇಲ್ಲದವರು: ಆತ ಪರವೂರಿನವನು, ತನ್ನನ್ನು ಒಬ್ಬಳು ಪ್ರೀತಿಸಬಲ್ಲಳು ಎಂಬುದನ್ನೇ ನಂಬದ ಹಾಗೆ ಆ ಊರು ಅವನನ್ನು ಮಾಡಿಟ್ಟಿತ್ತು. ಶಾಲು ಹೊದ್ದ ವಿಮರ್ಶಕಿ: ಹೆಂಡತಿಯನ್ನು ಸೊತ್ತು ಎಂದು ತಿಳಿದವನಿಗೆ ಕಳ್ಳರ ಭಯ ಇದ್ದೇ ಇರುತ್ತದೆ.

ನಾನು ನಾಲ್ವರಿಗೂ ತಲೆಯಾಡಿಸಿದ್ದೇನೆ. ನಾಲ್ವರೂ ಸರಿ ಅನ್ನಿಸುತ್ತಾರೆ. ಯಾರನ್ನು ಕೊನೆಗೆ ಓದಿದೆನೋ ಅವರು ಇನ್ನೂ ಸ್ವಲ್ಪ ಹೆಚ್ಚು ಸರಿ.

ಜೂನ್ 5, ಬುಧವಾರ

ಸೀಟು ಸಿಗುವವರೆಗೆ ಸುಮ್ಮನೆ ಕೂರಬೇಡ ಎಂದು ಅಮ್ಮ ನನ್ನನ್ನು ಚಿಕ್ಕಮ್ಮನ ಲಾಂಡ್ರಿಗೆ ಕಳಿಸಿ ಒಂದು ತಿಂಗಳಾಗುತ್ತ ಬಂತು. ಮಹಡಿಯ ಮೇಲೆ ನನ್ನ ಕೋಣೆ, ಕೆಳಗೆ ಅಂಗಡಿ. ಮುಂದೆ ಕೌಂಟರು, ಅಲ್ಲಿ ಚಿಕ್ಕಮ್ಮ. ಹಿಂದೆ ಆವಿ ಕಾರುವ ಇಸ್ತ್ರಿ ಮೇಜು, ಅಲ್ಲಿ ಚಿಕ್ಕಪ್ಪ. ನಡುವೆ ಹ್ಯಾಂಗರುಗಳ ಕಾಡು, ಅದರೊಳಗೆ ನಾನು. ಬಂದ ಬಟ್ಟೆಗೆ ನಂಬರಿನ ಚೀಟಿ ಚುಚ್ಚುವುದು, ಜೇಬು ತಡಕುವುದು, ಕಲೆ ಹುಡುಕಿ ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ನನಗೆಂದೇ ಹೇಳಿ ಮಾಡಿಸಿದ ಹಾಗಿದೆ.

ಚಿಕ್ಕಮ್ಮನಿಗೆ ಇದು ಸಹಿಸದು. ಅವಳು ನನಗಿಟ್ಟ ಹೆಸರು ಗುಮ್ಮನಗುಸುಕಿ. ಇವತ್ತು ಗಿರಾಕಿಯೊಬ್ಬರು "ನಿಮ್ಮ ಮಗಳಾ?" ಎಂದು ಕೇಳಿದಾಗ, "ಅಕ್ಕನ ಮಗಳು. ಎಂ.ಎ. ಓದಿದಾಳೆ. ಬಾಯಿ ಬಿಟ್ರೆ ಮುತ್ತು ಉದುರಿ ಹೋಗುತ್ತೆ ಅಂತ ಭದ್ರವಾಗಿ ಮುಚ್ಚಿಟ್ಕೊಂಡಿದಾಳೆ" ಎಂದಳು. ಒಳಗಿಂದ ಚಿಕ್ಕಪ್ಪ ಬುಸ್ಸೆಂದು ಆವಿ ಬಿಟ್ಟರು. ಅದು ಅವರು ನಗುವ ರೀತಿ.

ಈ ಅಂಗಡಿಗೆ ಇರುವುದು ಒಂದೇ ಕಾನೂನು, ಅದು ಚಿಕ್ಕಪ್ಪನದು: ಬಟ್ಟೆಯ ಜೊತೆ ಬಂದದ್ದು ಬಟ್ಟೆಯ ಜೊತೆಗೇ ಹೋಗಬೇಕು. ಗುಂಡಿ, ಬಸ್ ಟಿಕೆಟ್ಟು, ಅರ್ಧ ತಿಂದ ಪೆಪ್ಪರಮಿಂಟು, ಏನೇ ಇರಲಿ, ಇಸ್ತ್ರಿಯಾದ ಮೇಲೆ ಎಡಗಡೆಯ ಒಳಜೇಬಿಗೆ. ದಿನಕ್ಕೆ ಅವರು ಆಡುವ ಮಾತಿನಲ್ಲಿ ಅರ್ಧಪಾಲು ಇದೇ.

ಸಂಜೆ ನಾಲ್ಕರ ಸುಮಾರಿಗೆ ಎದುರಿನ ಔಷಧದಂಗಡಿಯ ಅಕ್ಕ ಚಹಾ ಕುಡಿಯಲು ಬರುತ್ತಾರೆ. ಅವರು ಬಂದರೆ ನಾನು ಹ್ಯಾಂಗರಿನ ಕಾಡಿನಿಂದ ಹೊರಗೆ ಬರುತ್ತೇನೆ. ನನ್ನನ್ನು ಏನಾದರೂ ಕೇಳಿ, ಉತ್ತರ ಬರುವವರೆಗೆ ಕಾಯುವವರು ಈ ಬೀದಿಯಲ್ಲಿ ಅವರೊಬ್ಬರೇ. ಔಷಧದ ಬಾಟಲಿಯ ಲೇಬಲ್ಲಿನ ಹಾಗೆ ಅಚ್ಚುಕಟ್ಟಾದ ಮುಖ. ನಗು ಬಂದರೆ ಮಾತ್ರ ನಮ್ಮ ಅಂಗಡಿಯ ಗಾಜು ಅದುರುತ್ತದೆ. ಅವರ ಗಂಡ ಊರ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುತ್ತಾರೆ. ನಾನು ಭಾವ ಎನ್ನುತ್ತೇನೆ. ಬೀದಿಯಲ್ಲಿ ಸದ್ದು ನನ್ನದು, ಮನೆಯಲ್ಲಿ ಅವಳದು ಎನ್ನುವ ಮನುಷ್ಯ.

ಮತ್ಸರದ ಬಗ್ಗೆ ಬರೆಯುತ್ತಿದ್ದೇನೆ ಎಂದಾಗ ಅಕ್ಕನಿಗೆ ನಗು ಬಂತು. "ಹೊಟ್ಟೆ ಉರಿಗೆ ನಮ್ಮಲ್ಲಿ ಮಾತ್ರೆ ಇದೆ ಕಣೇ, ಹೊಟ್ಟೆಕಿಚ್ಚಿಗೆ ಇಲ್ಲ. ನನಗಂತೂ ಆ ಕಾಯಿಲೆ ಬರಲ್ಲ ಬಿಡು. ನಮ್ಮನೆಯವರ ಮೇಲೆ ಅನುಮಾನ ಪಟ್ರೆ ಅನುಮಾನಕ್ಕೇ ಅವಮಾನ. ಆ ಡ್ರಮ್ಮಿನ ಹಿಂದೆ ಮುಖವೇ ಕಾಣಲ್ಲ. ಯಾರು ನೋಡಬೇಕು?"

ಅಕ್ಕನ ಜೊತೆ ಬಂದಿದ್ದ ಭಾವನೂ ನಕ್ಕರು. ಸ್ವಲ್ಪ ತಡವಾಗಿ.

ಜೂನ್ 8, ಶನಿವಾರ

ಬ್ಯಾಂಡಿನ ಕೋಟುಗಳೆಲ್ಲ ಒಟ್ಟಿಗೆ ಬಂದವು. ಕೆಂಪು ಉಣ್ಣೆ, ಹಿತ್ತಾಳೆ ಗುಂಡಿ, ಹೆಗಲ ಮೇಲೆ ಚಿನ್ನದ ಬಣ್ಣದ ಜೂಲು. ರಾಶಿ ನೋಡಿದರೆ ಒಂದು ಸೈನ್ಯ ಸೋತು ಬಟ್ಟೆ ಬಿಚ್ಚಿಟ್ಟು ಓಡಿಹೋದ ಹಾಗಿತ್ತು. ಸೋಮವಾರ ಬೆಳಿಗ್ಗೆ ಹೊಸ ಸೇತುವೆಯ ಉದ್ಘಾಟನೆ. ಅಷ್ಟರಲ್ಲಿ ಎಲ್ಲವೂ ಗರಿಗರಿಯಾಗಬೇಕು.

ಕನ್ನಡಕದವರ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತ ಓದುತ್ತ ಚೀಟಿ ಚುಚ್ಚಿದೆ. ಕೊನೆಯ ಕೋಟಿಗೆ ಬರುವಾಗ ಪಿನ್ನು ಮುಗಿದಿದ್ದವು. ಪಿನ್ನಿನ ಡಬ್ಬಿ ಇರುವುದು ಕೌಂಟರಿನಲ್ಲಿ. ಅಲ್ಲಿ ನಾಲ್ಕು ಜನ ನಿಂತಿದ್ದರು. ಅವರನ್ನು ದಾಟಿ ಹೋಗಬೇಕು, ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡಬೇಕು. ತಲೆಯಿಂದ ನನ್ನ ಕ್ಲಿಪ್ಪನ್ನೇ ತೆಗೆದು ಚೀಟಿಗೆ ಸಿಕ್ಕಿಸಿಬಿಟ್ಟೆ. ಗೆಳತಿ ಕಳಿಸಿದ ಹೊಸ ಕ್ಲಿಪ್ಪು. ನೀಲಿ ಬಣ್ಣ, ಮೇಲೊಂದು ಬಿಳಿ ಬಾತುಕೋಳಿ. ಇವತ್ತೇ ಮೊದಲ ಸಲ ಹಾಕಿದ್ದು. ಇಂಥದ್ದು ನನಗೆ ಒಪ್ಪುತ್ತದೆಯೇ ಎಂದು ಬೆಳಿಗ್ಗೆ ಕನ್ನಡಿಯೆದುರು ಎಷ್ಟೋ ಹೊತ್ತು ನಿಂತಿದ್ದೆ. ಯಾರೂ ಗಮನಿಸಲಿಲ್ಲ. ಒಳ್ಳೆಯದೇ ಆಯಿತು.

ಇಸ್ತ್ರಿಯಾದ ಮೇಲೆ ವಾಪಸು ತೆಗೆದುಕೊಂಡರಾಯಿತು.

ಜೂನ್ 10, ಸೋಮವಾರ

ಸೇತುವೆಯ ಮೇಲೆ ಬ್ಯಾಂಡು ಚೆನ್ನಾಗಿ ನುಡಿಸಿತಂತೆ. ಕ್ಲಿಪ್ಪು ಎಲ್ಲೂ ಕಾಣಿಸುತ್ತಿಲ್ಲ. ಚಿಕ್ಕಪ್ಪನನ್ನು ಕೇಳೋಣವೆಂದು ಹೋದೆ. ಅವರು ಒಂದು ತೋಳಿನ ಮಡಿಕೆ ಕೂರಿಸುತ್ತಿದ್ದರು. ಇಷ್ಟು ಚಿಕ್ಕ ವಿಷಯಕ್ಕೆ ಯಾಕೆ ತೊಂದರೆ ಕೊಡುವುದು.

ಜೂನ್ 11, ಮಂಗಳವಾರ

ಅಕ್ಕ ಇವತ್ತು ಮಧ್ಯಾಹ್ನವೇ ಬಂದರು. ಪುಡಿ ಔಷಧ ಕಟ್ಟುವ ಬಿಳಿ ಕಾಗದದ ಪೊಟ್ಟಣವೊಂದನ್ನು ಕೌಂಟರಿನ ಮೇಲಿಟ್ಟು ಬಿಡಿಸಿದರು. ಒಳಗೆ ನನ್ನ ಬಾತುಕೋಳಿ.

"ಅವರ ಕೋಟಿನ ಒಳಜೇಬಲ್ಲಿತ್ತು ಅತ್ತಿಗೆ. ಎದೆ ಹತ್ತಿರದ ಜೇಬು."

ಚಿಕ್ಕಮ್ಮ ಕನ್ನಡಕ ಮೇಲೇರಿಸಿ ನೋಡಿದಳು. "ನಿಂದಿರಬೇಕು."

"ನನ್ನ ತಲೆ ನೋಡಿ. ಕ್ಲಿಪ್ಪು ನಿಲ್ಲೋ ಅಷ್ಟು ಕೂದಲಿದ್ದಿದ್ರೆ ಅಂಗಡಿಯ ತಲೆಗೂದಲ ಎಣ್ಣೆಯೆಲ್ಲ ನಾನೇ ಯಾಕೆ ಸುರ್ಕೊಳ್ತಿದ್ದೆ? ಇಲ್ಲೊಂದು ಎಳೆ ಸಿಕ್ಕಿಕೊಂಡಿದೆ ನೋಡಿ. ಉದ್ದ. ಗುಂಗುರು."

ನನ್ನ ಕೈ ತಾನಾಗಿಯೇ ಜಡೆಯನ್ನು ಬೆನ್ನ ಹಿಂದಕ್ಕೆ ತಳ್ಳಿತು.

"ಬಟ್ಟೆ ಜೊತೆ ಬಂದದ್ದು ಬಟ್ಟೆ ಜೊತೆ ಹೋಗಿರುತ್ತೆ. ನಮ್ಮಲ್ಲಿ ಏನೂ ಸೇರಲ್ಲ, ಏನೂ ಕಳೆಯಲ್ಲ" ಎಂದು ಚಿಕ್ಕಮ್ಮ ಒಳಗೆ ತಿರುಗಿದಳು. "ಏನ್ರೀ, ನೀವು ನೋಡಿದ್ರಾ ಇದನ್ನ?"

"ಕೋಟಿನ ಮೇಲೇ ಇತ್ತು" ಎಂದರು ಚಿಕ್ಕಪ್ಪ. "ನಾನೇ ಜೇಬಿಗೆ ಹಾಕಿದ್ದು." ದನಿಯಲ್ಲಿ ಕರ್ತವ್ಯ ಮುಗಿಸಿದ ಸಮಾಧಾನ.

ಅಕ್ಕ ಕುರ್ಚಿಯಲ್ಲಿ ಕುಳಿತರು. "ಕೋಟಿನ ಮೇಲೇನಾ. ಅಂದ್ರೆ ಬಚ್ಚಿಟ್ಟುಕೊಳ್ಳೋ ಮರ್ಯಾದೆಯೂ ಇರಲಿಲ್ಲ."

ಅಕ್ಕಾ, ಅದು ನನ್ನದು 	ಎನ್ನಬೇಕಿತ್ತು. ಹೇಳುವ ಮೊದಲು ಮನಸ್ಸಿನಲ್ಲಿ ಒಮ್ಮೆ ಹೇಳಿ ನೋಡಿಕೊಂಡೆ: ನಿಮ್ಮ ಗಂಡನ ಎದೆಯ ಜೇಬಿನಲ್ಲಿ ಸಿಕ್ಕಿದ ಕ್ಲಿಪ್ಪು ನನ್ನದು. ಕೇಳಲು ಚೆನ್ನಾಗಿರಲಿಲ್ಲ. ಹಿಂದು ಮುಂದು ಮಾಡಿ ನೋಡಿದೆ. ಹೇಗೆ ಜೋಡಿಸಿದರೂ ಇನ್ನೂ ಕೆಟ್ಟದಾಗಿ ಕೇಳುತ್ತಿತ್ತು. ನಾನು ಮಾತು ಜೋಡಿಸುವಷ್ಟರಲ್ಲಿ ಅಕ್ಕ ರಸ್ತೆ ದಾಟಿ ಹೋಗಿದ್ದರು.

ಸಂಜೆ ಭಾವನನ್ನು ಅದೇ ಕೆಂಪು ಕೋಟಿನ ಸಮೇತ ಮನೆಯಿಂದ ಹೊರಗೆ ಹಾಕಿದರಂತೆ.

ಜೂನ್ 12, ಬುಧವಾರ

ಅಕ್ಕ ಚಹಾಕ್ಕೆ ಬಂದರು, ಆದರೆ ನಗಲಿಲ್ಲ. ಅವರೂ ಚಿಕ್ಕಮ್ಮನೂ ಸೇರಿ ಒಂದು ಗಂಟೆಯಲ್ಲಿ ಒಬ್ಬ ಹೆಂಗಸನ್ನೇ ಸೃಷ್ಟಿ ಮಾಡಿಬಿಟ್ಟರು.

"ಬಾತುಕೋಳಿಯವಳು ಇಪ್ಪತ್ತೈದು ದಾಟಿರಲ್ಲ" ಎಂದು ಅಕ್ಕ ಶುರು ಮಾಡಿದರು. "ದಾಟಿದವರು ತಲೆ ಮೇಲೆ ಬಾತುಕೋಳಿ ಕೂರಿಸಿಕೊಳ್ಳಲ್ಲ."

"ಗುಂಡಿಗೆ ಇರೋಳು" ಎಂದಳು ಚಿಕ್ಕಮ್ಮ. "ಅಂಥದ್ದು ಹಾಕ್ಕೊಂಡು ಬೀದಿಗೆ ಬರೋಕೆ ಗುಂಡಿಗೆ ಬೇಕು."

"ಬ್ಯಾಂಡು ಹೋಗ್ತಿದ್ರೆ ಪಕ್ಕದಲ್ಲಿ ಕುಣೀತಾ ಹೋಗೋಳು. ಯಾರು ನೋಡಿದ್ರೂ ಕೇರ್ ಮಾಡಲ್ಲ."

"ನಗೋವಾಗ ತಲೆ ಹಿಂದಕ್ಕೆ ಹಾಕಿ ನಗ್ತಾಳೆ. ಆಗಲೇ ಉದುರಿರೋದು ಕ್ಲಿಪ್ಪು."

"ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ಕೇಳಿ ತಗೊಳ್ತಾಳೆ." ಇದನ್ನು ಹೇಳಿ ಅಕ್ಕ ಚಹಾದ ಲೋಟವನ್ನು ದೂರ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ನೀನೇನು ಹೇಳ್ತೀಯ? ಇದರ ಮೇಲೇ ಓದಿದೋಳು ನೀನು."

"ನಾಲ್ಕು ಅಭಿಪ್ರಾಯ ಇವೆ ಅಕ್ಕ" ಎಂದೆ.

ಮಹಡಿ ಹತ್ತಿ ಬಂದ ಮೇಲೂ ಅವಳೇ ಕಣ್ಣ ಮುಂದೆ. ನಿಜ ಹೇಳಬೇಕೆಂದರೆ ಅವಳ ಮೇಲೆ ನನಗೂ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಕ್ಲಿಪ್ಪು ನನ್ನದು, ಕೂದಲೂ ನನ್ನದು. ಆದರೆ ಅವಳು, ಪಿನ್ನು ಮುಗಿದರೆ ನೆಟ್ಟಗೆ ಕೌಂಟರಿಗೆ ಹೋಗಿ "ಪಿನ್ನು ಕೊಡಿ" ಎಂದು ಕೇಳುವವಳು.

ಜೂನ್ 13, ಗುರುವಾರ

ಹೇಳಲಿಲ್ಲ.

ಜೂನ್ 14, ಶುಕ್ರವಾರ

ಹೇಳಿಯೇ ಬಿಡುವುದೆಂದು ಔಷಧದಂಗಡಿಗೆ ಹೋದೆ. ಅಕ್ಕ ತಲೆಯೆತ್ತದೆ "ಏನು ಬೇಕು?" ಎಂದರು. ಕೆಮ್ಮಿನ ಔಷಧ ಎಂದೆ. ನನಗೆ ಕೆಮ್ಮಿಲ್ಲ. ತಂದದ್ದು ಹಾಳಾಗಬಾರದೆಂದು ಎರಡು ಚಮಚ ಕುಡಿದೆ.

ಜೂನ್ 15, ಶನಿವಾರ

ಭಾವ ಬಂದಿದ್ದರು. ಮೈಮೇಲೆ ಅದೇ ಕೆಂಪು ಕೋಟು. ಬೇರೆ ಬಟ್ಟೆಗಳೆಲ್ಲ ಮನೆಯಲ್ಲಿವೆ. ಬ್ಯಾಂಡಿನವರ ತಾಲೀಮು ಕೋಣೆಯಲ್ಲಿ ಡ್ರಮ್ಮಿನ ಗವಸು ಹೊದ್ದು ಮಲಗುತ್ತಿದ್ದಾರಂತೆ. ಮುಖ ಮಾತ್ರ ಅಷ್ಟೇನೂ ಬಾಡಿರಲಿಲ್ಲ. ಸಣ್ಣಗೆ ಸಿಳ್ಳೆ ಕೂಡ ಹಾಕುತ್ತಿದ್ದರು.

"ಯಾರಯ್ಯಾ ಅವಳು?" ಎಂದು ಚಿಕ್ಕಮ್ಮ ನೇರವಾಗಿ ಕೇಳಿದಳು.

"ಯಾರಕ್ಕ?"

"ಬಾತುಕೋಳಿ."

ಭಾವ ನೆಲ ನೋಡಿದರು. "ನಮ್ಮನೆಯವಳು ಏನಂತಾಳೆ ಅದರ ಬಗ್ಗೆ?"

"ಕುಣೀತಾಳಂತೆ. ಇಪ್ಪತ್ತೈದಂತೆ."

"ಇಪ್ಪತ್ತೈದಾ" ಎಂದು ಭಾವ ಕೋಟಿನ ಕಾಲರು ಸರಿ ಮಾಡಿಕೊಂಡರು. ನಾನು ಹ್ಯಾಂಗರುಗಳ ಸಂದಿಯಿಂದ ನೋಡುತ್ತಿದ್ದೆ. ತಪ್ಪು ಮಾಡಿದವನ ಮುಖವಲ್ಲ ಅದು. ಬಹುಮಾನ ಬಂದಿದೆ, ಇನ್ನೂ ಯಾರಿಗೂ ಹೇಳಿಲ್ಲ ಎನ್ನುವವನ ಮುಖ.

"ಕಾಲರು ಆಮೇಲೆ ನೋಡ್ಕೊ" ಎಂದಳು ಚಿಕ್ಕಮ್ಮ. "ಸೋಮವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಅವಳು ತಂಗಿ ಊರಿಗೆ ಹೊರಟಿದಾಳೆ. ಅಂಗಡಿ ಬೀಗದ ಕೈ ನನ್ನ ಹತ್ರ ಕೊಟ್ಟು ಹೋಗ್ತಾಳಂತೆ."

ಸಿಳ್ಳೆ ನಿಂತಿತು. "ಎಷ್ಟು ದಿನಕ್ಕೆ?"

"ದಿನದ ಲೆಕ್ಕ ಹೇಳಲಿಲ್ಲ. ಎರಡು ಪೆಟ್ಟಿಗೆ ಕಟ್ಟಿದಾಳೆ. ಅಲ್ಲೂ ಒಂದು ಔಷಧದಂಗಡಿಗೆ ಜಾಗ ನೋಡಿದಾಳಂತೆ ತಂಗಿ."

ಭಾವ ಕೋಟಿನ ಗುಂಡಿ ಹಾಕಿಕೊಂಡರು. "ಈಗ ನಾನು ಏನು ಹೇಳಿದ್ರೂ ಅವಳು ಕೇಳಲ್ಲ ಅಕ್ಕ" ಎಂದು ಹೊರಗೆ ಹೋದರು. ಬೀದಿಯ ಆ ತುದಿಯವರೆಗೂ ಕೆಂಪು ಕೋಟು ಕಾಣುತ್ತಿತ್ತು.

ಜೂನ್ 16, ಭಾನುವಾರ

ಅಂಗಡಿಗೆ ರಜೆ. ಮಹಡಿಯಲ್ಲಿ ಕೂತು ನಾಟಕವನ್ನು ಮತ್ತೆ ಮೊದಲಿನಿಂದ ಓದಿದೆ.

ಕರವಸ್ತ್ರ ಕೆಳಗೆ ಬಿದ್ದಾಗ ಅದನ್ನು ಎತ್ತಿಕೊಂಡವಳು ಆ ಹೆಂಡತಿಯ ಸಖಿ. ತನ್ನ ಗಂಡ ಕೇಳಿದ್ದ ಎಂದು ಅವನ ಕೈಗೆ ಕೊಡುತ್ತಾಳೆ, ಅವನೇ ಚಾಡಿಕೋರ. ಒಡತಿ ಮನೆಯೆಲ್ಲ ಹುಡುಕುತ್ತಾಳೆ. ಸಖಿ ಪಕ್ಕದಲ್ಲೇ ಇದ್ದಾಳೆ, ಗೊತ್ತಿಲ್ಲ ಎನ್ನುತ್ತಾಳೆ. ಸೇನಾಪತಿ ಬಂದು ಎಲ್ಲಿ ಆ ಕರವಸ್ತ್ರ ಎಂದು ಕೂಗಾಡುತ್ತಾನೆ. ಸಖಿ ಆಗಲೂ ಅಲ್ಲೇ ಇದ್ದಾಳೆ. ಕೊನೆಗೆ ಬಾಯಿ ಬಿಡುತ್ತಾಳೆ, ಪ್ರಾಣದ ಹಂಗು ತೊರೆದು, ಬಹಳ ಧೈರ್ಯದಿಂದ. ಅಷ್ಟರಲ್ಲಿ ಒಡತಿ ಸತ್ತಿದ್ದಾಳೆ.

ಗಡ್ಡದವರು ಈ ಸಖಿಗೆ ಒಂದು ಪ್ಯಾರಾ ಕೊಟ್ಟಿದ್ದಾರೆ. ಕನ್ನಡಕದವರು ಒಂದು ಅಡಿಟಿಪ್ಪಣಿ. ಫೋಟೋ ಇಲ್ಲದವರಿಗೆ ಅವಳು ಕಂಡೇ ಇಲ್ಲ. ಶಾಲಿನವರು ಅವಳ ಕೊನೆಯ ಧೈರ್ಯವನ್ನು ಹೊಗಳುತ್ತಾರೆ, ಮೊದಲಿನ ಮೌನವನ್ನು ಹಾರಿಸಿಬಿಡುತ್ತಾರೆ. ನಾಲ್ವರೂ ಮತ್ಸರದ ಬೇರನ್ನು ಮತ್ಸರ ಪಟ್ಟವನೊಳಗೆ ಹುಡುಕುತ್ತಾರೆ, ಇಲ್ಲವೇ ಹಚ್ಚಿದವನೊಳಗೆ. ನಿಜ ಗೊತ್ತಿದ್ದೂ ಪಕ್ಕದಲ್ಲಿ ನಿಂತವಳನ್ನು ಯಾರೂ ವಿಚಾರಿಸಿಲ್ಲ. ಅವಳು ಕೆಟ್ಟವಳೇನಲ್ಲ. ಇವತ್ತು ಬೇಡ, ಈಗ ಬೇಡ, ನಾನು ಹೇಳಿದರೆ ಹೇಗೆ ಕೇಳುತ್ತದೋ ಎಂದುಕೊಂಡಿರಬೇಕು. ಅನುಮಾನಕ್ಕೆ ಬೇಕಾದದ್ದು ಅಷ್ಟೇ, ಒಂದು ಖಾಲಿ ಜಾಗ. ಗೊತ್ತಿದ್ದವರು ಸುಮ್ಮನಿದ್ದರೆ ಆ ಜಾಗ ಸಿಗುತ್ತದೆ. ಅಲ್ಲಿಗೆ ಬಾತುಕೋಳಿಯವಳು ಬಂದು ಕುಣಿಯುತ್ತಾಳೆ. ಅದಕ್ಕೆ ಖಳನಾಯಕನೇ ಬೇಕೆಂದಿಲ್ಲ. ನಮ್ಮ ಬೀದಿಯಲ್ಲಿ ಖಳನಾಯಕ ಎಲ್ಲಿದ್ದಾನೆ? ತಮ್ಮ ಕಾನೂನು ಪಾಲಿಸಿದ ಚಿಕ್ಕಪ್ಪ ಇದ್ದಾರೆ, ಕೌಂಟರಿನ ಮೇಲಿನ ಪಿನ್ನಿನ ಡಬ್ಬಿ ಇದೆ, ನಾನಿದ್ದೇನೆ.

ಕನ್ನಡಕದವರ ಪುಸ್ತಕದ ಅಂಚಿನಲ್ಲಿ "ಇಲ್ಲ" ಎಂದು ಬರೆದೆ. ಗ್ರಂಥಾಲಯದ ಪುಸ್ತಕ. ಪೆನ್ಸಿಲಿನಲ್ಲೇ ಬರೆದಿದ್ದೇನೆ.

ನಾಳೆ ಒಂಬತ್ತಕ್ಕೆ ಬಸ್ಸು.

ಜೂನ್ 17, ಸೋಮವಾರ

ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದಂತೆ ಗಿರಾಕಿಗಳು ಬಂದು ನಿಂತಿದ್ದರು. ಸೋಮವಾರ ಯಾವಾಗಲೂ ಹೀಗೇ. ಅವರ ಹಿಂದೆ ಅಕ್ಕ, ಎರಡು ಕೈಯಲ್ಲೂ ಪೆಟ್ಟಿಗೆ. ರಸ್ತೆಯ ಆಚೆ, ಮುಚ್ಚಿದ ಔಷಧದಂಗಡಿಯ ಮುಂದೆ, ಭಾವ ಕೆಂಪು ಕೋಟಿನಲ್ಲಿ ಕಾವಲುಗಾರನ ಹಾಗೆ ನಿಂತಿದ್ದರು. ಅಕ್ಕ ಆ ಕಡೆ ನೋಡಲೇ ಇಲ್ಲ. ಒಂದು ಪೆಟ್ಟಿಗೆ ಕೆಳಗಿಟ್ಟು, ಬೀಗದ ಕೈಯನ್ನು ಚಿಕ್ಕಮ್ಮನ ಮುಂದಿಟ್ಟು, ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡರು.

ನಾನು ಹ್ಯಾಂಗರುಗಳ ನಡುವೆ ಇದ್ದೆ. ಅಲ್ಲಿಂದಲೇ ಹೇಳಿದೆ. "ಬಾತುಕೋಳಿ ನನ್ನದು."

ಯಾರು ಹೇಳಿದರೆಂದು ಯಾರಿಗೂ ತಿಳಿಯಲಿಲ್ಲ. ಗಿರಾಕಿಯೊಬ್ಬರು ನೇತು ಹಾಕಿದ್ದ ಒಂದು ಓವರ್‌ಕೋಟನ್ನು ದಿಟ್ಟಿಸಿ ನೋಡಿದರು. ನಾನು ಅದನ್ನು ಸರಿಸಿ ಹೊರಗೆ ಬಂದೆ.

ಹೆದರಿದ್ದು ಸುಳ್ಳಾಗಲಿಲ್ಲ. ಅದು ತುಂಬ ಕೆಟ್ಟದಾಗಿಯೇ ಕೇಳಿಸಿತು. ಅಕ್ಕನ ಕಣ್ಣು ನನ್ನ ಮುಖ ಬಿಟ್ಟು ಕೂದಲಿಗೆ ಹೋಯಿತು. ಉದ್ದ, ಗುಂಗುರು. ಇದ್ದವರಲ್ಲಿ ಒಬ್ಬ ಹೆಂಗಸು ಬಟ್ಟೆಯ ಗಂಟನ್ನು ಕೆಳಗಿಟ್ಟು ಆರಾಮವಾಗಿ ನಿಂತರು.

"ನಿಂದಾ?" ಎಂದಳು ಚಿಕ್ಕಮ್ಮ. "ನಿಂದು ಹೇಗೆ ಕಣೇ ಅವನ ಎದೆ ಹತ್ರ ಹೋಯ್ತು?"

ಆಮೇಲೆ ಹೇಳಿದೆ. ಪಿನ್ನು ಮುಗಿದದ್ದು, ಕೊನೆಯ ಕೋಟು, ಕೌಂಟರಿನಲ್ಲಿದ್ದ ನಾಲ್ಕು ಜನ, ಅವರನ್ನು ದಾಟಿ ಬರಲು ನನಗಿದ್ದ ಕಷ್ಟ. ಕನ್ನಡಿಯೆದುರು ನಿಂತದ್ದು. ಮಂಗಳವಾರ ಬಾಯಿಗೆ ಬಂದು ಹಿಂದೆ ಹೋದ ಮಾತು. ಕೆಮ್ಮಿನ ಔಷಧ. ನಾಟಕದ ಸಖಿಯ ವಿಷಯವೂ ಬಂತು, ಕನ್ನಡಕದವರು ಅವಳನ್ನು ಅಡಿಟಿಪ್ಪಣಿಗೆ ತಳ್ಳಿದ್ದು ಎಂಥ ಅನ್ಯಾಯ ಎಂಬುದೂ ಬಂತು. ಗಂಟಿನ ಹೆಂಗಸು "ಅಯ್ಯೋ ಪಾಪ" ಎಂದರು. ಸಖಿಗೋ ನನಗೋ ತಿಳಿಯಲಿಲ್ಲ.

ಚಿಕ್ಕಪ್ಪ ಒಳಗಿಂದ ಎದ್ದು ಬಂದರು. ಅವರು ಕೌಂಟರಿಗೆ ಬಂದದ್ದನ್ನು ನಾನು ನೋಡಿದ್ದು ಇದೇ ಮೊದಲು. "ಹೌದು. ಚೀಟಿಗೆ ಸಿಕ್ಕಿಸಿತ್ತು" ಎಂದರು.

"ಅದನ್ನ ಅವತ್ತೇ ಹೇಳೋಕೇನಾಗಿತ್ತು ನಿಮಗೆ?" ಎಂದಳು ಚಿಕ್ಕಮ್ಮ.

"ಕೋಟಿನ ಮೇಲಿತ್ತು ಅಂದ್ನಲ್ಲ."

ಅಕ್ಕ ಪೆಟ್ಟಿಗೆಗಳನ್ನು ಕೆಳಗಿಟ್ಟಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು. "ಹೀಗೆ ಹೇಳು ಅಂತ ಅವರೇನಾದ್ರೂ ನಿನಗೆ ಹೇಳಿಕೊಟ್ರಾ?"

"ಇಲ್ಲ ಅಕ್ಕ."

ಅಕ್ಕ ಒಂದು ಹೆಜ್ಜೆ ಹತ್ತಿರ ಬಂದರು. "ಇರಲಾರದು. ಹೇಳಿಕೊಟ್ಟಿದ್ರೆ ಇಷ್ಟು ಉದ್ದ ಆಗ್ತಿರಲಿಲ್ಲ. ಸುಳ್ಳು ಹೇಳೋರು ಯಾರೂ ಅಡಿಟಿಪ್ಪಣಿ ತನಕ ಹೋಗಲ್ಲ."

ಪೆಟ್ಟಿಗೆ ಅಲ್ಲೇ ಇಟ್ಟು ರಸ್ತೆ ದಾಟಿದರು. ಅಂಗಡಿಯಲ್ಲಿದ್ದವರೆಲ್ಲ ಬಾಗಿಲಿಗೆ ಬಂದೆವು. ಚಿಕ್ಕಮ್ಮ ಗಿರಾಕಿಗಳನ್ನು ತಡೆಯುವ ನೆವದಲ್ಲಿ ಎಲ್ಲರಿಗಿಂತ ಮುಂದೆ ನಿಂತಳು.

"ನೀವ್ಯಾಕೆ ಬಾಯಿ ಬಿಡ್ಲಿಲ್ಲ?" ಎಂದರು ಅಕ್ಕ.

"ಅದು ಯಾರದು ಅಂತ ನನಗೂ ಗೊತ್ತಿರಲಿಲ್ಲ."

"ಗೊತ್ತಿಲ್ಲ ಅಂತಲಾದ್ರೂ ಹೇಳಬಹುದಿತ್ತಲ್ಲ."

ಭಾವ ಹಿತ್ತಾಳೆಯ ಗುಂಡಿಯೊಂದನ್ನು ತಿರುಗಿಸುತ್ತ ನಿಂತರು. "ಮದುವೆ ಆದಾಗಿಂದ ಒಂದು ದಿನ ಕೂಡ ನೀನು ನನ್ನ ಜೇಬು ನೋಡಿರಲಿಲ್ಲ. ಡ್ರಮ್ಮಿನ ಹಿಂದೆ ಇರೋನನ್ನ ಯಾರು ನೋಡ್ತಾರೆ ಅಂತ ಎಲ್ಲರ ಮುಂದೆ ಹೇಳ್ತಿದ್ದೆ. ನನ್ನನ್ನೂ ಒಬ್ಬಳು ನೋಡಿರಬಹುದು ಅಂತ ನಿನಗೆ ಅನ್ನಿಸ್ತಲ್ಲ. ನಾಲ್ಕು ದಿನ ಖುಷಿಯಾಗಿತ್ತು ಕಣೇ. ಐದನೇ ದಿನ ಹೇಳೋಣ ಅಂತ ಬಂದೆ. ನೀನು ಬಾಗಿಲೇ ತೆಗೀಲಿಲ್ಲ."

ಅಕ್ಕ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮೊದಲು ಅಕ್ಕನ ಹೆಗಲು ಅಲ್ಲಾಡಿತು. ಆಮೇಲೆ ನಗು ಬಂತು, ನಮ್ಮ ಗಾಜು ಅದುರುವ ಹಾಗೆ. ನಗುತ್ತ ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು.

"ಬಿಚ್ಚಿ ಆ ಕೋಟನ್ನ. ಒಂದು ವಾರದಿಂದ ಮೈಮೇಲಿದೆ. ನಾತ ಹೊಡೀತಿದೆ."

"ಒಳಗೆ ಬನಿಯನ್ ಮಾತ್ರ ಇದೆ."

"ನೋಡೋಳು ನೋಡಿಕೊಳ್ಳಲಿ ಬಿಡಿ."

ಬಸ್ಸು ಹೊರಟುಹೋಗಿತ್ತು. ಭಾವ ಬನಿಯನ್ನಿನಲ್ಲಿ ಎರಡು ಪೆಟ್ಟಿಗೆಗಳನ್ನೂ ಹೊತ್ತು ಅಕ್ಕನ ಹಿಂದೆ ನಡೆದರು. ಕೋಟಿಗೆ ನಾನೇ ಚೀಟಿ ಚುಚ್ಚಿದೆ. ಚಿಕ್ಕಮ್ಮನನ್ನು ಕೇಳಿ ಹೊಸ ಪಿನ್ನು ತೆಗೆದುಕೊಂಡೆ.

ಜೂನ್ 19, ಬುಧವಾರ

ಎರಡು ದಿನದಲ್ಲಿ ಪ್ರಬಂಧ ಪೂರ್ತಿ ಹೊಸದಾಗಿ ಬರೆದೆ. ನಾಲ್ವರೂ ಇದ್ದಾರೆ, ಆದರೆ ಮೊದಲ ಪುಟದಲ್ಲಿ ಮಾತ್ರ. ಉಳಿದದ್ದು ಸಖಿಯದು. ಮೇಡಂ ನನ್ನನ್ನು ಎದುರಿಗೆ ಕೂರಿಸಿಕೊಂಡೇ ಓದಿದರು.

"ಇದನ್ನು ನಾನು ಒಪ್ಪಲ್ಲ" ಎಂದರು.

"ಎಲ್ಲಿ ಒಪ್ಪಲ್ಲ ಮೇಡಂ?"

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ವಿಭಾಗದ ಬಾಗಿಲು ಹಾಕುವವನು ಬಂದು ಬೀಗದ ಗೊಂಚಲು ಅಲ್ಲಾಡಿಸುವವರೆಗೂ ಕೂತಿದ್ದೆವು. ಚಾಡಿಕೋರನ ಪಾಲು ಕಡಿಮೆ ಮಾಡುತ್ತಿದ್ದೀ ಎನ್ನುತ್ತಾರೆ. ಮಾಡುತ್ತಿಲ್ಲ ಎಂದು ಎಷ್ಟು ವಿವರಿಸಿದರೂ ಕೇಳಲಿಲ್ಲ. ಮೇಡಂ ಒಳ್ಳೆಯವರು, ಆದರೆ ಕೆಲವು ವಿಷಯದಲ್ಲಿ ತೀರ ಹಟ.

ಜೂನ್ 27, ಗುರುವಾರ

ಎತ್ತರದ ಕಿಟಕಿಗಳ ಕೋಣೆ, ಉದ್ದ ಮೇಜು, ಅದರ ಹಿಂದೆ ಮೂವರು. ಗೋಡೆಯ ಗಡಿಯಾರ ಅವರ ತಲೆಯ ಮೇಲೇ ಇತ್ತು. ನಡುವಿನವರು, ಈ ನಾಲ್ಕು ವ್ಯಾಖ್ಯಾನಗಳಲ್ಲಿ ಯಾವುದನ್ನು ಒಪ್ಪುತ್ತೀರಿ ಎಂದು ಕೇಳಿದರು. ಬೆಳಿಗ್ಗೆ ಬಸ್ಸಿನಲ್ಲಿ ಕುಳಿತು ಇದಕ್ಕೆ ಬಹಳ ವಿನಯದ ಉತ್ತರವೊಂದನ್ನು ಸಿದ್ಧ ಮಾಡಿಕೊಂಡಿದ್ದೆ. ಅದು ನೆನಪಾಗಲಿಲ್ಲ. ನಾಲ್ವರೂ ಹುಡುಕುತ್ತಿರುವ ಕೋಣೆಯೇ ತಪ್ಪು ಸರ್ ಎಂದೆ.

ಎಡಗಡೆಯವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಹಾಗಾದ್ರೆ ಚಾಡಿ ಹೇಳಿದವನಿಗೆ ಮಾಫಿನಾ?"

"ಮಾಫಿ ಅಲ್ಲ ಸರ್. ಅವನು ಮಾಡಿದ್ದು ಎಲ್ಲರಿಗೂ ಗೊತ್ತು. ಉಳಿದವರು ಆ ಹೊತ್ತಲ್ಲಿ ಏನು ಮಾಡ್ತಿದ್ರು ಅಂತ ನಾನು ಕೇಳ್ತಿರೋದು."

ಅವರೊಂದು ದೃಶ್ಯ ಎತ್ತಿದರು, ನಾನೊಂದು ಎತ್ತಿದೆ. ಬಲಗಡೆಯವರು ನಕ್ಕರು, ಯಾವುದಕ್ಕೋ. ಸೇನಾಪತಿಯ ಮಾತಿಗೆ ಬರುತ್ತಿದ್ದೆ, ಅಷ್ಟರಲ್ಲಿ ನಡುವಿನವರು ಮೇಜಿನ ಮೇಲಿನ ಗಂಟೆ ಒತ್ತಿದರು. ಹೊರಗೆ ಇನ್ನೂ ಅಭ್ಯರ್ಥಿಗಳು ಕಾಯುತ್ತಿದ್ದಾರೆ, ನಿಮ್ಮ ಸಮಯ ಆಗಲೇ ಮೀರಿದೆ ಎಂದರು.

ಇದ್ಯಾವ ನ್ಯಾಯವೋ. ಮುಖ್ಯ ವಿಷಯ ಇನ್ನೂ ಶುರುವೇ ಆಗಿರಲಿಲ್ಲ.

ಜುಲೈ 2, ಮಂಗಳವಾರ

ಸೀಟು ಸಿಕ್ಕಿದೆ. ಮುಂದಿನ ತಿಂಗಳು ಸೇರಬೇಕು. ಚಿಕ್ಕಮ್ಮ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಾಳೆ, ಕೇಳದವರಿಗೂ.

ಮಧ್ಯಾಹ್ನ ಒಬ್ಬರು ಹೆಂಡತಿಯ ಕೋಟು ಬಿಡಿಸಿಕೊಳ್ಳಲು ಬಂದರು. ಎತ್ತರದ ಮನುಷ್ಯ, ಅಂಚೆ ಕಚೇರಿಯವರಿರಬೇಕು, ಬೆರಳಿಗೆಲ್ಲ ಮಸಿ. ಚಿಕ್ಕಮ್ಮ ಬೇರೆಯವರಿಗೆ ಚೀಟಿ ಬರೆಯುತ್ತಿದ್ದುದರಿಂದ ನಾನೇ ಹೋಗಿ ಕೊಟ್ಟೆ. ಅವರು ಜೇಬಿಗೆ ಕೈ ಹಾಕಿ ಒಂದು ಗಂಡಸರ ಕೈಗವಸು ತೆಗೆದರು. ತಮ್ಮ ಕೈಗೆ ಹಾಕಿ ನೋಡಿದರು. ಬೆರಳು ತುದಿ ಮುಟ್ಟಲಿಲ್ಲ. ಮುಖ ಸಣ್ಣದಾಯಿತು. ಅದನ್ನು ಮೆಲ್ಲಗೆ ತಮ್ಮ ಜೇಬಿಗೆ ಸೇರಿಸಿ, ಏನೂ ಆಗದವರ ಹಾಗೆ ಬಾಗಿಲ ಕಡೆ ನಡೆದರು.

"ಸ್ವಲ್ಪ ನಿಲ್ಲಿ" ಎಂದೆ. "ಮನೆಗೆ ಹೋದ ತಕ್ಷಣ ಕೇಳಿಬಿಡಿ. ನಾಳೆ ಅನ್ನಬೇಡಿ. ಯೋಚನೆಯನ್ನಂತೂ ಮಾಡಲೇಬೇಡಿ." ಅವರು ಗಾಬರಿಯಾಗಿ ನಿಂತರು. ಕಾರಣ ಹೇಳದೆ ಬಿಟ್ಟರೆ ಅವರು ಹೇಗೆ ನಂಬುತ್ತಾರೆ? ಆದ್ದರಿಂದ ಸೇನಾಪತಿಯಿಂದ ಶುರು ಮಾಡಿದೆ. ಗಡ್ಡದವರು ಮುಗಿದು ಕನ್ನಡಕದವರು ಬರುವ ಹೊತ್ತಿಗೆ ಆ ಮನುಷ್ಯ ಕೈಗವಸನ್ನು ಹೊರಗೆ ತೆಗೆದು, ಇದು ತಮ್ಮ ಮಾವನವರದು ಇದ್ದರೂ ಇರಬಹುದು ಎಂದರು. ಇರಲಿ, ಆದರೂ ಕೇಳಿ ಎಂದೆ.

"ಬೆಳಿಗ್ಗೆಯಿಂದ ಒಂದೇ ಸಮ ಮಾತು, ಮಾತು" ಎಂದು ಚಿಕ್ಕಮ್ಮ ಕೌಂಟರಿನಿಂದ ಕೂಗಿದಳು. "ಸ್ವಲ್ಪ ಹೊತ್ತು ಸುಮ್ಮನೆ ಕೆಲಸ ಮಾಡೋಕಾಗಲ್ವಾ?"

ಚಿಕ್ಕಪ್ಪನಿಗೆ ಹೇಳಿದ್ದಿರಬೇಕು. ನಾನು ಬಿಟ್ಟಲ್ಲಿಂದ ಮುಂದುವರಿಸಿದೆ.